ಏಳನೇ ನಂಬರಿನ ಫ್ಲಾಸ್ಕು

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಉಜ್ಜಪ್ಪ ಎಂದು. ಇಪ್ಪತ್ತೆರಡು ವರ್ಷ ಗಾಜು ಉಜ್ಜಿದವನಿಗೆ ಇನ್ನೇನು ಹೆಸರಿಟ್ಟಾರು? ಆಮ್ಲ ತಾಗಿ ತಾಗಿ ಬೆರಳ ತುದಿಗಳು ಹಳದಿಯಾಗಿದ್ದವು. ಇಷ್ಟು ವರ್ಷವೂ ದಿನಗೂಲಿ. ಬರುವ ತಿಂಗಳು ಕೆಲಸ ಕಾಯಂ ಆಗುತ್ತದೆ ಎಂದು ಕಚೇರಿಯವರು ಹೇಳಿದ್ದರು. ಹೆಂಡತಿ ಆಗಲೇ ಓರಗಿತ್ತಿಯ ಕಿವಿಗೆ ಹಾಕಿಯೂ ಆಗಿತ್ತು.

ಅಲ್ಲಿನ ಪ್ರಾಧ್ಯಾಪಕರದು ಒಂದು ಪುಡಿ. ಒಂದು ಕೂದಲೆಳೆಯ ಅಗಲದಲ್ಲಿ ಅದರ ಸಾವಿರ ಕಣ ಸಾಲಾಗಿ ಕೂರುತ್ತವಂತೆ. ನೀರಿಗೆ ಹಾಕಿ ದೀಪದ ಬೆಳಕು ಬಿಟ್ಟರೆ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಉಳಿದವರ ಪುಡಿಗಳಿಗೆ ಜೊತೆಗೆ ಚೂರು ಪ್ಲಾಟಿನಂ ಬೇಕು, ತಮ್ಮದಕ್ಕೆ ಬೇಡ ಎಂಬುದೇ ಅವರ ಜಂಬ. ಆದರೆ ಗುಳ್ಳೆ ಚೆನ್ನಾಗಿ ಏಳುತ್ತಿದ್ದುದು ಏಳನೇ ನಂಬರಿನ ಹಳೇ ಫ್ಲಾಸ್ಕಿನಲ್ಲಿ ಮಾತ್ರ. ವಿದ್ಯಾರ್ಥಿಗಳು ಅದನ್ನು ಲಕ್ಕಿ ಫ್ಲಾಸ್ಕು ಎಂದು ತಾವೇ ನೀರಲ್ಲಿ ಜಾಲಿಸಿ ಕಪಾಟಿನಲ್ಲಿ ಇಡುತ್ತಿದ್ದರು. ಅಷ್ಟೆಲ್ಲ ಓದಿದವರಲ್ಲಿ ಒಬ್ಬರೂ ಅದರ ತಳಕ್ಕೆ ಕಣ್ಣು ಹಾಯಿಸಲಿಲ್ಲ.

ಪರಿಶೀಲನಾ ಸಮಿತಿ ಬರುವ ದಿನ ಬೆಳಿಗ್ಗೆ ಪ್ರಾಧ್ಯಾಪಕರು, "ಎಲ್ಲಾ ಫಳಫಳ ಅನ್ಬೇಕು ಕಣಯ್ಯಾ" ಎಂದರು. ಉಜ್ಜಪ್ಪ ಕಪಾಟನ್ನೂ ತೆರೆದ. ಏಳನೆಯದರ ತಳದಲ್ಲಿ ಬೂದು ಕಲೆ. ಹಿಂದೆಂದೋ ಒಬ್ಬ ವಿದ್ಯಾರ್ಥಿನಿ ಅದರಲ್ಲಿ ಪ್ಲಾಟಿನಂ ಕೆಲಸ ಮಾಡಿದ್ದು ಅವನಿಗೆ ನೆನಪಿತ್ತು. ಚಿನ್ನವನ್ನೂ ಕರಗಿಸುವ ಆಮ್ಲ ಸುರಿದ. ಕಲೆ ಹೋಯಿತು. ಅವನಿಗೆ ಬಹಳ ಸಂತೋಷವಾಯಿತು.

ಮಧ್ಯಾಹ್ನ ಸಮಿತಿಯವರ ಎದುರು ಅದೇ ಫ್ಲಾಸ್ಕಿಗೆ ಪುಡಿ ಬಿತ್ತು, ದೀಪ ಹತ್ತಿತು. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ನೀರು ಕಿಮಕ್ಕೆನ್ನಲಿಲ್ಲ. ಅವರು ಟೀ ಕುಡಿದು ಹೊರಟರು.

"ಏನಯ್ಯಾ ಮಾಡ್ದೆ ಇದಕ್ಕೆ?"

"ತೊಳೆದೆ ಸಾರ್. ತಳದಲ್ಲಿ ಹಳೇ ಪ್ಲಾಟಿನಂ ಕಟ್ಕೊಂಡಿತ್ತು."

ಪ್ರಾಧ್ಯಾಪಕರ ಮುಖ ಹುಳ್ಳಗಾಯಿತು. ಎರಡು ವರ್ಷದಿಂದ ತಮ್ಮ ಪುಡಿಗೆ ಹೆಗಲು ಕೊಟ್ಟಿದ್ದು ಆ ಕಲೆ ಎಂಬುದು ಆಗ ತಿಳಿಯಿತು. ತಿಳಿದರೇನು, ಒಪ್ಪಿಕೊಳ್ಳುವ ಜನವೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲ ತೊಳೆದವನನ್ನೇ ಹಿಡಿದರು.

ವಾರದೊಳಗೆ ಪತ್ರ ಬಂತು: ಅಗತ್ಯ ಮೀರಿ ಶುಚಿಗೊಳಿಸಿ ಸಂಶೋಧನೆಗೆ ಧಕ್ಕೆ ತಂದ ಕಾರಣ ಕೆಲಸದಿಂದ ತೆಗೆಯಲಾಗಿದೆ.

ಹೆಂಡತಿ ಅದನ್ನು ಎರಡು ಸಲ ಓದಿದಳು. "ಮನೇಲಿ ಒಂದಿನಾನೂ ಕುಡಿದ ಲೋಟ ತೊಳೆದವರಲ್ಲ. ತೊಳೆದಿದ್ದು ಜಾಸ್ತಿ ಆಯ್ತು ಅಂತ ತೆಗೆದ್ರಾ?" ಎಂದು ನಗಲು ಹೋದವಳು ಅತ್ತುಬಿಟ್ಟಳು.

ಅವನು ಅವಳ ಕೈಯಿಂದ ಪತ್ರ ತೆಗೆದುಕೊಂಡು ಮಡಿಸಿಟ್ಟ.

"ಕಲೆ ಇತ್ತು ಕಣೇ," ಎಂದ. "ಕಣ್ಣಿಗೆ ಬಿದ್ಮೇಲೆ ಹೇಗೆ ಬಿಡ್ಲಿ?"