ನನ್ನ ಓರೆ ಹಲ್ಲಿಗೆ ಒಬ್ಬಳೇ ಸಾಕ್ಷಿ

ಹಲ್ಲು ಕಾಣುವಂತೆ ನಾನು ತೆಗೆಸಿಕೊಂಡ ಫೋಟೋ ಒಂದೂ ಇಲ್ಲ. ಇದು ನನಗೆ ಗೊತ್ತಾಗಿದ್ದು ಅರವತ್ತೆಂಟು ವರ್ಷ ತುಂಬಿದ ಮೇಲೆ, ವಿಜಯನಗರದ ಹಲ್ಲಿನ ಡಾಕ್ಟರಮ್ಮ ಕೇಳಿದಾಗ. "ಅಜ್ಜಿ, ಹಲ್ಲು ಇದ್ದಾಗ ತೆಗೆಸಿದ ಒಂದು ಫೋಟೋ ತನ್ನಿ, ನಗ್ತಾ ಇರೋದು" ಎಂದರು. ಮನೆಗೆ ಬಂದು ಟ್ರಂಕು ತೆಗೆದು ಇದ್ದಬದ್ದ ಫೋಟೋಗಳನ್ನೆಲ್ಲ ಚಾಪೆಯ ಮೇಲೆ ಹರವಿದೆ. ಮದುವೆಯದೊಂದು, ಮಗಳ ನಾಮಕರಣದ್ದೊಂದು, ರೇಷನ್ ಕಾರ್ಡಿಗೆ ತೆಗೆಸಿದ್ದೊಂದು. ಎಲ್ಲದರಲ್ಲೂ ಬಾಯಿ ಹೊಲಿದ ಹಾಗೆ ಮುಚ್ಚಿಕೊಂಡಿದ್ದೇನೆ. ಮದುವೆ ಫೋಟೋದಲ್ಲಂತೂ ನನ್ನನ್ನೂ ನನ್ನ ಗಂಡನನ್ನೂ ಪೊಲೀಸಿನವರು ಹಿಡಿದು ತಂದು ಕೂರಿಸಿದ ಹಾಗಿದೆ.

ಅದರಲ್ಲಿ ನಮ್ಮ ತಪ್ಪೇನೂ ಇಲ್ಲ. ಆಗ ಸ್ಟುಡಿಯೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ "ಅಲ್ಲಾಡಬೇಡಿ" ಎನ್ನುತ್ತಿದ್ದ. ನಾವು ಉಸಿರನ್ನೂ ಹಿಡಿದುಕೊಂಡು ಕೂರುತ್ತಿದ್ದೆವು. ನಗುವುದೂ ಅಲ್ಲಾಡುವುದೇ ಅಲ್ಲವೇ. ಸಾಲದ್ದಕ್ಕೆ ಹೆಣ್ಣುಮಕ್ಕಳು ನಕ್ಕರೆ "ಹಲ್ಲು ಕಿರೀಬೇಡ" ಎಂದು ಅವ್ವ ತಲೆಗೆ ಮೊಟಕುತ್ತಿದ್ದಳು. ಹೀಗಾಗಿ ನಾನು ನಕ್ಕವಳು ಎನ್ನುವುದಕ್ಕೆ ಕಾಗದದ ಮೇಲೆ ಯಾವ ಪುರಾವೆಯೂ ಉಳಿದಿಲ್ಲ.

ನನ್ನ ಹಲ್ಲು ವಯಸ್ಸಾಗಿ ಬಿದ್ದವಲ್ಲ. ನಾವಿರುವುದು ಕೆ.ಜಿ. ಕೊಪ್ಪಲಿನಲ್ಲಿ. ನಲ್ಲಿಯಲ್ಲಿ ನೀರು ಬಾರದ ದಿನ ಬೀದಿಯ ಕೊನೆಯ ಬೋರ್‌ವೆಲ್ಲಿಗೆ ಕೊಡ ಹಿಡಿದು ಹೋಗುತ್ತಿದ್ದೆವು. ಉದ್ದನೆಯ ಕಬ್ಬಿಣದ ಹಿಡಿ, ಒತ್ತಿ ಒತ್ತಿ ನೀರು ತೆಗೆಯಬೇಕು. ಹಲ್ಲು ಹೋದ ವರ್ಷ ಗೌರಿ ಹಬ್ಬಕ್ಕೆ ನನ್ನ ತಂಗಿ ಸಿದ್ದಮ್ಮ ಬಂದಿದ್ದಳು. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ನನ್ನ ಮನೆಯೇ ತವರು. ಅವಳು ಹಿಡಿ ಒತ್ತುತ್ತಿದ್ದಳು. ನಾನು ಬಗ್ಗಿ ಕೊಡ ಸರಿಮಾಡುತ್ತಾ ಏನೋ ತಮಾಷೆ ಮಾಡಿದೆ. ಅವಳಿಗೆ ನಗು ಬಂತು. ನಗು ಬಂದರೆ ಸಿದ್ದಿಯ ಕೈಕಾಲಲ್ಲಿ ಬಲ ಇರುವುದಿಲ್ಲ, ಹುಟ್ಟಿದಾಗಿನಿಂದ ಹಾಗೇ. ಹಿಡಿ ಅವಳ ಕೈ ಜಾರಿ ಮೇಲಕ್ಕೆ ಚಿಮ್ಮಿ ನನ್ನ ಬಾಯಿಗೆ ಹೊಡೆಯಿತು. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಹೋದವು.

ಬಾಯಿ ತುಂಬ ಬಂದ ರಕ್ತದ ಜೊತೆಗೆ ಒಂದು ಮಾತನ್ನೂ ಉಗಿದೆ. "ಬೇಕೂಂತ್ಲೇ ಬುಟ್ಟೆ ನೀನು." ಸುತ್ತ ಎಂಟು ಜನ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಎಲ್ಲರೂ ಸಿದ್ದಿಯ ಮುಖ ನೋಡಿದರು.

ಅವಳು ಬೇಕೆಂದು ಬಿಡಲಿಲ್ಲ ಎನ್ನುವುದು ಆ ಗಳಿಗೆಯಲ್ಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ನೋವಾದವರಿಗೆ ಬಯ್ಯಲು ಒಬ್ಬರು ಬೇಕು, ಅವಳು ಎದುರಿಗಿದ್ದಳು, ಅಷ್ಟೇ. ಅವತ್ತು ಮಧ್ಯಾಹ್ನವೇ ಬಾಗಿನ ಕೂಡ ತೆಗೆದುಕೊಳ್ಳದೆ ಮೇಟಗಳ್ಳಿಗೆ ಹೊರಟುಹೋದಳು. ಆಮೇಲೆ ಹನ್ನೊಂದು ವರ್ಷ ನನ್ನ ಹೊಸ್ತಿಲು ತುಳಿಯಲಿಲ್ಲ.

ಮೇಟಗಳ್ಳಿ ಏನು ಕಾಶಿಯಲ್ಲ. ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದರೆ ಮುಗಿಯಿತು. ಆ ಬಸ್ಸು ದಿನಾ ಹೋಗುತ್ತಿತ್ತು, ನಾನು ಹತ್ತಲಿಲ್ಲ. ಪ್ರತಿ ಗೌರಿ ಹಬ್ಬಕ್ಕೂ ಅವಳಿಗೆಂದು ಒಂದು ಜೊತೆ ಮೊರ ತಂದು ಅರಿಸಿನ ಬಳಿದು ತುಂಬಿಸಿಡುತ್ತಿದ್ದೆ. ಸಂಜೆಯವರೆಗೆ ಕಾದು ಎದುರು ಮನೆಯವಳಿಗೆ ಕೊಡುತ್ತಿದ್ದೆ. ಎದುರು ಮನೆಯವಳು ಪ್ರತಿ ವರ್ಷವೂ ಖುಷಿಪಟ್ಟಳು. ನೆಂಟರ ಮದುವೆಗಳಲ್ಲಿ ನಾನೊಂದು ಪಂಕ್ತಿ, ಸಿದ್ದಿ ಇನ್ನೊಂದು ಪಂಕ್ತಿ. ಅವಳು ನಗುವುದು ಅಷ್ಟು ದೂರದಿಂದಲೂ ಕೇಳಿಸುತ್ತಿತ್ತು. ಆಗ ಎಲೆಯ ಮೇಲೆ ಏನು ಬಡಿಸಿದರೂ ನನಗೆ ರುಚಿ ಗೊತ್ತಾಗುತ್ತಿರಲಿಲ್ಲ.

ಹಲ್ಲಿಲ್ಲದವರನ್ನು ಕಂಡರೆ ಜನ ತಿನ್ನುವುದರ ಬಗ್ಗೆಯೇ ಕನಿಕರಪಡುತ್ತಾರೆ. "ಅಯ್ಯೋ, ಕೋಡುಬಳೆ ತಿನ್ನೋಕಾಗಲ್ವಲ್ಲ" ಎನ್ನುತ್ತಾರೆ. ಕೋಡುಬಳೆಯನ್ನು ಒರಳಲ್ಲಿ ಕುಟ್ಟಿಕೊಂಡು ತಿನ್ನಬಹುದು. ಕಷ್ಟ ಇರುವುದು ಮಾತಿನಲ್ಲಿ. ನಾನು ಓದಿದ್ದು ಎರಡನೇ ಕ್ಲಾಸು. ಅಲ್ಲಿ ಮೇಷ್ಟ್ರು ಶ ಬೇರೆ, ಷ ಬೇರೆ, ಸ ಬೇರೆ ಎಂದು ಕೈಗೆ ಹೊಡೆದು ಕಲಿಸಿದ್ದರು. ಮುಂದಿನ ಹಲ್ಲು ಹೋದ ದಿನ ಮೂರೂ ಒಂದೇ ಆದವು. ಸಕ್ಕರೆ ಎಂದರೆ ಗಾಳಿ, ಸಾಸಿವೆ ಎಂದರೆ ಎರಡು ಸಲ ಗಾಳಿ. ಸಿದ್ದಿ ಎಂಬ ಹೆಸರನ್ನಂತೂ ಕೂಗುವ ಹಾಗೇ ಇರಲಿಲ್ಲ. ಕೂಗಿದರೆ ಕುಕ್ಕರಿನ ವಿಷಲ್ ಹೊರಟ ಹಾಗಾಗುತ್ತಿತ್ತು. ಕೂಗಲು ಅವಳೂ ಇರಲಿಲ್ಲ, ಬಿಡಿ.

ಹಲ್ಲಿನ ಸೆಟ್ಟು ಕಟ್ಟಿಸಿದ್ದೆ. ಗುಲಾಬಿ ಬಣ್ಣದ ತಗಡಿನಂಥದಕ್ಕೆ ನಾಲ್ಕು ಹಲ್ಲು ಅಂಟಿಸಿದ್ದು. ಅದು ಬಾಯಲ್ಲಿದ್ದರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡ ಹಾಗೆ. ಜೋರಾಗಿ ಮಾತಾಡಿದರೆ ಕಳಚಿಕೊಳ್ಳುತ್ತಿತ್ತು. ಒಂದು ಸಲ ತರಕಾರಿಯವನ ಜೊತೆ ಚೌಕಾಸಿ ಮಾಡುವಾಗ ಅವನ ಬದನೆಕಾಯಿ ಗುಡ್ಡೆಯ ಮೇಲೆ ಬಿತ್ತು. ಅವನು ಹೆದರಿ ನಾನು ಕೇಳಿದ ರೇಟಿಗೇ ಕೊಟ್ಟ. ಆದರೂ ಅವತ್ತಿನಿಂದ ನಾನು ಮಾತು ಕಡಿಮೆ ಮಾಡಿದೆ. ನನ್ನನ್ನು ಬಲ್ಲವರಿಗೆ ಇದು ಎಂಥ ಶಿಕ್ಷೆ ಎಂದು ಗೊತ್ತು.

ನನ್ನ ಮಗಳು ಮಂಜುಳ ಆ ಡಾಕ್ಟರಮ್ಮನ ಹತ್ತಿರ ಚೀಟಿ ಬರೆದು ಹೆಸರು ಕೂಗುವ ಕೆಲಸ ಮಾಡುತ್ತಾಳೆ. ಅವಳ ಮುಲಾಜಿಗೆ ಡಾಕ್ಟರಮ್ಮ ನನ್ನ ಬಾಯಿ ನೋಡಿದರು. ಕಳಚದ ಹಲ್ಲು ಕೂರಿಸಬಹುದು ಎಂದರು. ಮೂಳೆ ಸ್ವಲ್ಪ ಸವೆದಿದೆ, ಆದರೂ ಸಾಕು. ಅದಕ್ಕೆ ಎರಡು ಸ್ಕ್ರೂ ಹಾಕಿ, ಮೂಳೆ ಅದನ್ನು ಹಿಡಿದುಕೊಳ್ಳುವವರೆಗೆ ನಾಲ್ಕು ತಿಂಗಳು ಕಾದು, ಆಮೇಲೆ ನಾಲ್ಕೂ ಹಲ್ಲನ್ನು ಒಂದೇ ಬ್ರಿಜ್ಜು ಮಾಡಿ ಆ ಎರಡರ ಮೇಲೆ ಕೂರಿಸುವುದಂತೆ. ಅಂದರೆ ಸೇತುವೆ. ನಮ್ಮ ಕಡೆ ಕಾಲುವೆಗೆ ಸೇತುವೆ ಕಟ್ಟುವವರೂ ಹೀಗೇ ಮಾಡುತ್ತಾರೆ. ಮೊದಲು ಕಂಬ ನೆಟ್ಟು ಹೋಗುತ್ತಾರೆ, ಆಮೇಲೆ ಬಹಳ ದಿನ ಯಾರೂ ಬರುವುದಿಲ್ಲ. ಡಾಕ್ಟರಮ್ಮ ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಕರೆದರು.

ಕರೆದು ಕೇಳಿದ್ದೇ ಈ ಫೋಟೋ. ಟ್ರಂಕೆಲ್ಲ ಹುಡುಕಿ ಮರುದಿನ ಹೋಗಿ ಇಲ್ಲ ಎಂದೆ.

"ಹಾಗಾದ್ರೆ ಹೇಗಿದ್ದವು ಹೇಳಿ ಅಜ್ಜಿ. ಅದೇ ಥರ ಮಾಡಿಸೋಣ."

ಹೇಗಿದ್ದವು? ಯೋಚನೆ ಮಾಡಿದೆ. ಐವತ್ತು ವರ್ಷ ಬಾಯಲ್ಲಿಟ್ಟುಕೊಂಡಿದ್ದೆ, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ನನ್ನ ಹಲ್ಲು ನನಗೆ ಗೊತ್ತಿದ್ದದ್ದು ನಾಲಗೆಯಿಂದ. ನಾಲಗೆ ಹನ್ನೊಂದು ವರ್ಷದಲ್ಲಿ ಮರೆತಿತ್ತು. ಮಗಳನ್ನು ಕೇಳಿದರೆ "ಚೆನ್ನಾಗೇ ಇದ್ವು ಕಣವ್ವ" ಎಂದಳು. ಗಂಡ ಇದ್ದಿದ್ದರೆ ಕೇಳಬಹುದಿತ್ತು, ಆದರೆ ಅವರು ಹಲ್ಲು ನೋಡುವಷ್ಟು ನನ್ನ ಮುಖ ನೋಡಿದವರಲ್ಲ. ಒಂದು ಮಾತ್ರ ನೆನಪಿತ್ತು. ನಾಲ್ಕರಲ್ಲಿ ಒಂದು ಹಲ್ಲು ಓರೆಯಾಗಿ ಪಕ್ಕದ ಹಲ್ಲಿನ ಮೇಲೆ ಒರಗಿಕೊಂಡಿತ್ತು. ಸಿದ್ದಿಗೂ ಹಾಗೇ ಇದೆ. ಅದು ನಮ್ಮಪ್ಪನ ಆಸ್ತಿ, ಇಬ್ಬರಿಗೂ ಸಮನಾಗಿ ಬಂದಿದ್ದು.

"ಓರೆ ಯಾಕೆ ಅಜ್ಜಿ? ನೇರವಾಗೇ ಮಾಡ್ತೀನಿ, ಚೆನ್ನಾಗಿ ಕಾಣುತ್ತೆ" ಎಂದರು ಡಾಕ್ಟರಮ್ಮ.

"ಬೇಡ. ನನ್ನ ತಂಗಿ ಬಾಯಲ್ಲಿ ಅದೇ ಹಲ್ಲಿದೆ. ಅವಳನ್ನ ಕರ್ಕೊಂಡ್ ಬರ್ತೀನಿ" ಎಂದೆ.

ಅವರು ಗುರುವಾರದವರೆಗೆ ಗಡುವು ಕೊಟ್ಟರು. ಅವತ್ತು ಮೇಣದಲ್ಲಿ ಹಲ್ಲು ಕೂರಿಸಿ ನೋಡುವುದು. ತಂಗಿ ಬಾರದಿದ್ದರೆ ನೇರ ಹಲ್ಲು. ನಿಮ್ಮ ಹತ್ತಿರ ಮುಚ್ಚಿಡುವುದೇನು, ನೇರ ಹಲ್ಲಾದರೂ ನನಗೆ ನಡೆಯುತ್ತಿತ್ತು. ಈ ವಯಸ್ಸಿನಲ್ಲಿ ನನ್ನನ್ನು ಹೆಣ್ಣು ನೋಡಲು ಬರುವವರು ಯಾರೂ ಇಲ್ಲ. ಮೇಟಗಳ್ಳಿಗೆ ಹೋಗಲು ಹನ್ನೊಂದು ವರ್ಷದಿಂದ ಒಂದು ನೆಪ ಹುಡುಕುತ್ತಿದ್ದೆ, ಅದು ಸಿಕ್ಕಿತು.

ಸಿದ್ದಿ ಜಗಲಿಯ ಮೇಲೆ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ತಲೆಯೆತ್ತಿ ನೋಡಿದಳು. ಕೂದಲು ನನಗಿಂತ ಹೆಚ್ಚು ಬೆಳ್ಳಗಾಗಿತ್ತು.

"ಯಾರು ಸತ್ರು?" ಎಂದಳು.

"ಯಾರೂ ಸತ್ತಿಲ್ಲ. ನಿನ್ನ ಬಾಯಿ ನೋಡ್ಬೇಕಿತ್ತು."

"ನನ್ನ ಬಾಯಲ್ಲೇನೈತೆ?"

"ಹಲ್ಲು."

ಅವಳು ಪಕ್ಕಕ್ಕೆ ಸರಿಯಲಿಲ್ಲ. ಆದರೆ ಕಾಳಿನ ಪಾತ್ರೆಯನ್ನು ಒಂದು ಗೇಣು ಈ ಕಡೆ ನೂಕಿದಳು. ನಾನು ಕೂತು ಒಂದು ಹಿಡಿ ತೆಗೆದುಕೊಂಡೆ. ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಕಾಳು ಪುಳಕ್ಕನೆ ಹಾರಿ ಬೀಳುತ್ತದೆ. ಹಿತುಕುತ್ತಲೇ ಸ್ಕ್ರೂ, ಬ್ರಿಜ್ಜು, ಫೋಟೋ, ಗುರುವಾರ ಎಲ್ಲ ಹೇಳಿದೆ. ಸೆಟ್ಟು ಹಾಕಿಕೊಂಡೇ ಹೋಗಿದ್ದೆ, ಸ ಎನ್ನುವಾಗ ಜಾಗ್ರತೆಯಾಗಿ ಹೇಳಿದೆ.

"ಯಾವ ಕಡೆ ಓರೆ ಅಂದೆ?" ಎಂದು ಕೇಳಿದಳು.

"ಬಲಗಡೆ. ನಿನ್ನಂಗೇ."

"ಬಲಗಡೆ ನಂದು. ನಿಂದು ಎಡಗಡೆ. ನಿನ್ನ ಹಲ್ಲು ನಿಂಗೇ ಗೊತ್ತಿಲ್ವಲ್ಲಕ್ಕ."

ನನ್ನ ಕೈ ನಿಂತಿತು. ಚಿಕ್ಕಂದಿನಿಂದ ಎದುರು ಬದುರು ಕೂತು ಉಂಡವರು ನಾವು. ಅವಳ ಬಾಯಿ ನೋಡಿ ನಾನು ನನ್ನದೂ ಹಾಗೇ ಅಂದುಕೊಂಡಿದ್ದೆ. ಅವಳು ಮಾತ್ರ ನನ್ನನ್ನು ನನ್ನ ಹಾಗೇ ನೋಡಿದ್ದಳು.

"ಅಂಗಾದ್ರೆ ನೀನೇ ಬಂದು ಡಾಕ್ಟ್ರಮ್ಮಂಗೆ ಹೇಳು" ಎಂದೆ.

ಅವಳು ಕಾಳಿನಿಂದ ತಲೆಯೆತ್ತದೆ ಹೇಳಿದಳು. "ಅವತ್ತು ಎಂಟು ಜನದ ಮುಂದೆ ಅಂದೆ. ಇವತ್ತು ಒಬ್ಳೇ ಬಂದು ಅವರೆಕಾಳು ಹಿತುಕ್ತಾ ಕೂತಿದೀಯ. ಇದು ಸರಿಹೋಗಲ್ಲ ಬುಡು."

ಆಮೇಲೆ ಕಾಫಿ ಕೊಟ್ಟಳು. ಹೊರಡುವಾಗ ಹಿತುಕಿದ ಕಾಳಿನಲ್ಲಿ ಅರ್ಧ ಕವರಿಗೆ ಹಾಕಿ ಕೈಗಿತ್ತಳು. ಬರುತ್ತೇನೆ ಎಂದಾಗಲಿ, ಬರುವುದಿಲ್ಲ ಎಂದಾಗಲಿ ಹೇಳಲಿಲ್ಲ. ಬಸ್ಸಿನಲ್ಲಿ ಆ ಎಂಟು ಜನ ಈಗ ಎಲ್ಲಿದ್ದಾರೆ ಎಂದು ಯೋಚಿಸಿದೆ. ಇಬ್ಬರು ತೀರಿಕೊಂಡಿದ್ದರು, ಮಿಕ್ಕವರು ಮನೆ ಬದಲಿಸಿ ಎಲ್ಲೆಲ್ಲಿಗೋ ಹೋಗಿದ್ದರು. ಬೋರ್‌ವೆಲ್ಲನ್ನೇ ಕಿತ್ತು ಹಾಕಿ ಮೇಲೆ ಟಾರು ಬಳಿದಿದ್ದರು. ತಪ್ಪು ಒಪ್ಪಿಕೊಳ್ಳುವುದಕ್ಕೂ ತಡ ಮಾಡಿದರೆ ಕೇಳುವವರು ಸಿಗುವುದಿಲ್ಲ.

ಗುರುವಾರ ಹನ್ನೆರಡು ಗಂಟೆಯವರೆಗೆ ಕೂತೆ. ಮಂಜುಳ ನನ್ನ ಹೆಸರನ್ನು ಮೂರು ಸಲ ಹಿಂದಕ್ಕೆ ಹಾಕಿದಳು. ಕೊನೆಗೆ ಡಾಕ್ಟರಮ್ಮ ಒಳಗೆ ಕರೆದು, ಸೆಟ್ಟು ತೆಗೆಸಿ, ಮೇಣದ ಹಲ್ಲು ಕೈಗೆತ್ತಿಕೊಳ್ಳುವಾಗ ಬಾಗಿಲಲ್ಲಿ ಛತ್ರಿ ಕಾಣಿಸಿತು, ಅದರ ಹಿಂದೆ ಸಿದ್ದಿ. ನನ್ನ ಕಡೆ ನೋಡಲಿಲ್ಲ.

"ನಿಮ್ಮ ಪೇಷೆಂಟಿಗೆ ಬಾಯಿ ತೆಗೆಯೋಕೆ ಹೇಳಿ ಡಾಕ್ಟ್ರಮ್ಮ" ಎಂದಳು.

ತೆಗೆದೆ. ಡಾಕ್ಟರಮ್ಮ ಮೇಣವನ್ನು ಬಿಸಿ ಮಾಡಿ ಹಲ್ಲನ್ನು ತಿರುಗಿಸಿ ಕೂರಿಸುವುದು, ಸಿದ್ದಿ ತಲೆ ಓರೆ ಮಾಡಿ ನೋಡುವುದು. "ಇನ್ನೊಂಚೂರು ಒರಗಬೇಕು. ಅಷ್ಟಲ್ಲ, ಅಷ್ಟಾದ್ರೆ ಜಗಳಗಂಟಿ ಥರ ಕಾಣ್ತದೆ. ನಮ್ಮಕ್ಕ ಜಗಳಗಂಟಿನೇ, ಆದ್ರೆ ಹಲ್ಲು ಅಂಗಿರ್ಲಿಲ್ಲ." ಡಾಕ್ಟರಮ್ಮ ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ಬಾಯಿ ತೆರೆದು ಕೂತ ನನಗೆ ಉತ್ತರ ಕೊಡುವ ಹಾಗಿರಲಿಲ್ಲ, ಸಿದ್ದಿಗೆ ಅದು ಚೆನ್ನಾಗಿ ಗೊತ್ತಿತ್ತು. ಐದಾರು ಸಲ ತಿದ್ದಿಸಿದ ಮೇಲೆ "ಹೂಂ, ಇದೇ" ಎಂದಳು. ಎಂದವಳೇ ಛತ್ರಿ ತೆಗೆದುಕೊಂಡು ಹೊರಗೆ ಹೋದಳು.

ಮೇಣದ ಹಲ್ಲು ತೆಗೆದ ತಕ್ಷಣ ಸೆಟ್ಟು ಕೂಡ ಹಾಕಿಕೊಳ್ಳದೆ ಹಿಂದೆಯೇ ಹೋದೆ. ಹೊರಗೆ ಬೆಂಚಿನ ತುಂಬ ಜನ, ದವಡೆ ಊದಿಸಿಕೊಂಡವರು, ಹತ್ತಿ ಕಚ್ಚಿಕೊಂಡವರು. ಸಿದ್ದಿ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಹಲ್ಲಿಲ್ಲದ ಬಾಯಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಇವಳು ನನ್ನ ತಂಗಿ. ಬೋರ್‌ವೆಲ್ ಹಿಡಿ ಬಡಿದು ನನ್ನ ಹಲ್ಲು ಹೋಯ್ತು. ಇವಳು ಬೇಕೂಂತ ಬುಟ್ಟಿದ್ದಲ್ಲ. ನಾನು ನಗಿಸ್ದೆ, ಕೈ ಜಾರ್ತು. ಬೇಕೂಂತ ಬುಟ್ಲು ಅಂತ ನಾನು ಅಂದಿದ್ದು ಸುಳ್ಳು."

ಅವರ್ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಎಲ್ಲರೂ ಪಾಪ ನನ್ನನ್ನೇ ನೋಡಿದರು. ಹತ್ತಿ ಕಚ್ಚಿಕೊಂಡಿದ್ದ ಒಬ್ಬ ಯಜಮಾನರು ಆಯಿತು ಎನ್ನುವಂತೆ ತಲೆಯಾಡಿಸಿದರು. ಮಂಜುಳ ಪೆನ್ನು ಕೆಳಗಿಟ್ಟಳು.

ಸಿದ್ದಿ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಬೆಂಚಿನವರ ಕಡೆ ತಿರುಗಿ, "ನಂಬ್ಬೇಡಿ ಕಣ್ರೀ ಇವಳ ಮಾತ. ಬೇಕೂಂತ್ಲೇ ಬುಟ್ಟಿದ್ದು ನಾನು. ಚಿಕ್ಕೋಳಾಗಿದ್ದಾಗಿಂದ ಹೊಂಚು ಹಾಕ್ತಿದ್ದೆ" ಎಂದಳು. ಹೇಳಿ ಗೋಡೆ ಹಿಡಿದುಕೊಂಡು ನಕ್ಕಳು.

ಬೆಂಚಿನವರೂ ನಕ್ಕರು, ನೋವಿದ್ದವರು ನೋವಿನ ಜೊತೆಗೇ ನಕ್ಕರು. ಹನ್ನೊಂದು ವರ್ಷ ಆ ಮಾತನ್ನು ನಾನು ಹೊತ್ತುಕೊಂಡಿದ್ದೆ. ಅವಳು ಅದನ್ನು ತೆಗೆದುಕೊಂಡು ತನ್ನದು ಮಾಡಿಕೊಂಡುಬಿಟ್ಟಳು, ನನ್ನ ಕೈಯಿಂದ ಭಾರದ ಚೀಲ ಇಸಿದುಕೊಳ್ಳುವ ಹಾಗೆ.

ಎರಡು ವಾರದ ಮೇಲೆ ಬ್ರಿಜ್ಜು ಕೂರಿಸಿದರು. ಈಗ ಸ, ಶ ಬೇರೆ ಬೇರೆಯಾಗಿ ಹೊರಡುತ್ತವೆ. ಷ ಮಾತ್ರ, ಮೇಷ್ಟ್ರು ಎಷ್ಟು ಹೊಡೆದರೂ, ಮೊದಲೂ ನನಗೆ ಬರುತ್ತಿರಲಿಲ್ಲ. ಸಿದ್ದಿ ತಿಂಗಳಿಗೆ ಒಂದೆರಡು ಸಲ ಬರುತ್ತಾಳೆ. ಮಂಡಿ ನೋವು, ಬಸ್ಸು ಹತ್ತುವುದು ಕಷ್ಟ, ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಮಂಡಿ ಗಟ್ಟಿ ಇದ್ದ ಹನ್ನೊಂದು ವರ್ಷ ಯಾವುದಕ್ಕೆ ಹೋಯಿತು ಎಂದು ನಾವಿಬ್ಬರೂ ಮಾತಾಡುವುದಿಲ್ಲ. ಬಂದಾಗೆಲ್ಲ ಬೀದಿಯ ಹೆಂಗಸರಿಗೆ ನನ್ನ ಬಾಯಿ ತೋರಿಸಿ, "ಬೀಳ್ಸಿದ್ದೂ ನಾನೇ, ಕೂರ್ಸಿದ್ದೂ ನಾನೇ" ಎನ್ನುತ್ತಾಳೆ. ಡಾಕ್ಟರಮ್ಮನ ಹೆಸರೇ ಆ ಕಥೆಯಲ್ಲಿಲ್ಲ.

ಅವಳು ಬಾರದ ದಿನಗಳಲ್ಲಿ, ಕೆಲಸ ಮುಗಿದು ಸುಮ್ಮನೆ ಕೂತಾಗ, ನಾಲಗೆ ತಾನಾಗಿ ಆ ಎಡಗಡೆಯ ಹಲ್ಲನ್ನು ಮುಟ್ಟಿ ನೋಡುತ್ತದೆ. ಮೊದಲೂ ನಿಜವಾಗಿ ಇಷ್ಟೇ ಓರೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸಿದ್ದಿ ಇಷ್ಟೇ ಎಂದಳಲ್ಲ, ಇಷ್ಟೇ ಇತ್ತು.