ಬಾವಿಯೊಳಗಿನ ಬಾಣಂತಿ

ಮರಳೂರಿನ ಅನುಪಮಾಳ ಸ್ಟುಡಿಯೋಗೆ ಬರುವವರಲ್ಲಿ ಹೆಚ್ಚಿನವರು ಕೂಸನ್ನು ಎತ್ತಿಕೊಂಡೇ ಬರುತ್ತಾರೆ. ಅಳುವ ಕೂಸು ತಾನಾಗಿ ಸುಮ್ಮನಾಗುವವರೆಗೆ ಕಾಯುವುದು ಅವಳಿಗೆ ಗೊತ್ತು. ಅದೇ ತಾಳ್ಮೆಯಲ್ಲಿ ಅವಳು ನೀರಿನೊಳಗೂ ಫೋಟೊ ತೆಗೆಯುತ್ತಾಳೆ. ಗುಬ್ಬಿಯ ತವರಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿತವಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಒಂದು ಹಳೇ ಕ್ಯಾಮೆರಾ, ಅದಕ್ಕೆ ನೀರು ನುಗ್ಗದ ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿದ್ದೇ ತಡ, ಮತ್ತೆ ಬಾವಿಗಿಳಿದಳು.

ಬಾವಿ ಇರುವುದು ಗೂಳೂರಿನಾಚೆ, ಅತ್ತೆ ಭದ್ರಮ್ಮನ ಅಣ್ಣ ಅಡವಿಯಪ್ಪನ ಹೊಲದಲ್ಲಿ. ಕಲ್ಲಿನ ಮೆಟ್ಟಿಲುಬಾವಿ. ಸೀಗಡಿ, ಏಡಿ, ಕಲ್ಲಿಗಂಟಿದ ಶಂಖದ ಹುಳು, ಎಲ್ಲವೂ ಅವಳ ಕ್ಯಾಮೆರಾಕ್ಕೆ ಸಿಕ್ಕಿದ್ದವು. ಈ ಕಾರ್ತಿಕದಲ್ಲಿ ಅವಳ ಕಣ್ಣು ಒಂದು ಜಿಲೇಬಿ ಮೀನಿನ ಮೇಲಿತ್ತು. ಅದು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಮರಿಗಳು ಕೆಲವು ದಿನ ತಾಯಿಯ ಮುಂದೆ ಆಡುತ್ತಾ, ಬೆದರಿದರೆ ಅವಳ ಬಾಯೊಳಗೆ ಓಡುತ್ತವೆ. ಆ ಓಟದ ಫೋಟೊವೇ ಅನುಪಮಾಳಿಗೆ ಬೇಕಾಗಿದ್ದದ್ದು.

ಮೂರು ದಿನ ಬೆಳಗ್ಗೆ ಹೋಗಿ ಮೂರೂ ಸಲ ಬರಿಗೈಲಿ ಮೇಲೆ ಬಂದಿದ್ದಳು. ಮೀನು ಸಿಗುತ್ತಿತ್ತು. ಆದರೆ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕಿನೊಳಕ್ಕೆ ಹಣೆಯ ಕಡೆಯಿಂದ ತಣ್ಣನೆ ನೀರು ಇಳಿದು, ಎದುರಿದ್ದದ್ದೆಲ್ಲ ಮಸುಕಾಗುತ್ತಿತ್ತು. ಪಟ್ಟಿ ಎಳೆದೆಳೆದು ಬಿಗಿದು ಮುಖದ ಮೇಲೆ ಬರೆ ಬಿದ್ದಿತ್ತು.

ನಾಲ್ಕನೇ ದಿನ ಬೆಳಗ್ಗೆ ಅಡವಿಯಪ್ಪ ಬಾವಿಕಟ್ಟೆಗೇ ಬಂದು ನಿಂತ.

"ಸೇವಂತಿಗೆ ಬಾಡ್ತಾವೆ ಕಣವ್ವ. ನಿನ್ ಮೀನಿಗೆ ಅಂತ ಮೋಟ್ರು ನಿಲ್ಸಿವ್ನಿ. ಇವತ್ತು ಬಿಸ್ಲು ಏರೋಗಂಟ, ಆಮೇಲೆ ಹಾಕೋನೇಯ."

ಮೋಟಾರು ಹಾಕಿದರೆ ನೀರಿಳಿದು ರಾಡಿಯಾಗುತ್ತದೆ, ಮೀನು ತಳ ಸೇರುತ್ತದೆ. ಮತ್ತೆ ನೀರು ತಿಳಿಯಾಗುವಷ್ಟರಲ್ಲಿ ಮರಿಗಳು ತಾಯಿಯನ್ನು ಬಿಟ್ಟಿರುತ್ತವೆ.

"ಆಯ್ತು ಮಾವ," ಎಂದಳು ಅನುಪಮಾ.

ಗಂಡ ಗುರುಪ್ರಕಾಶ್ ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಮೆಟ್ಟಿಲ ಮೇಲೆ ಕೂತ. "ಸ್ಟುಡಿಯೋದಲ್ಲಾಗಿದ್ರೆ ಇಷ್ಟೊತ್ಗೆ ನೀನು ಆ ಬಾಣಂತಿ ಮೀನಿಗೂ ಸ್ಮೈಲ್ ಪ್ಲೀಸ್ ಅಂದಿರ್ತಿದ್ದೆ."

"ಬಾಯಿ ತೆಗೆದ್ರೆ ಮಕ್ಳು ಉದುರ್ತಾವೆ ಕಣ್ರೀ, ಸುಮ್ನಿರಿ."

ಮುಳುಗಿದಳು. ಮೀನು ಕಂಡಿತು. ಮಾಸ್ಕಿಗೆ ನೀರು ಬಂತು. ಕೆಮ್ಮುತ್ತಾ ಮೇಲೆ ಬಂದು ಮಾಸ್ಕನ್ನು ಮೆಟ್ಟಿಲ ಮೇಲೆ ಕುಕ್ಕಿದಳು.

ಕಟ್ಟೆಯ ಮೇಲೆ ಬಿಲ್ವಪತ್ರೆ ಬಿಡಿಸುತ್ತಿದ್ದ ಭದ್ರಮ್ಮ ಇಳಿದು ಬಂದು ಅದನ್ನೆತ್ತಿ ಒಳಗೆ ಬೆರಳಾಡಿಸಿದರು. "ಇದೇನೇ, ನಿನ್ ಕನ್ನಡಕದ ಅಂಚಿಗೆ ಸುಣ್ಣ ಬಳ್ದಂಗೈತೆ?"

ಅನುಪಮಾ ನೋಡಿದಳು. ಸುಣ್ಣವಲ್ಲ, ವಿಭೂತಿ. ನಸುಕಿನಲ್ಲೇ ಲಿಂಗಪೂಜೆ ಮುಗಿಸಿ, ನೀರಿಗಿಳಿಯುವ ದಿನವೆಂದು ಇನ್ನಷ್ಟು ದಪ್ಪವಾಗಿಯೇ ಹಚ್ಚಿಕೊಂಡು ಬರುತ್ತಿದ್ದಳು. ಆ ಪುಡಿಯ ಮೇಲೆ ರಬ್ಬರು ಕೂರದೆ ನೀರಿಗೆ ದಾರಿಯಾಗಿತ್ತು.

ಗುರುಪ್ರಕಾಶ್ ನಗಲು ಹೋಗಿ, ಹೆಂಡತಿಯ ಮುಖ ನೋಡಿ ಹಗ್ಗ ಸುತ್ತತೊಡಗಿದ. ದೀಕ್ಷೆಯಾದಂದಿನಿಂದ ಅವಳು ವಿಭೂತಿ ಇಲ್ಲದೆ ನೀರು ಮುಟ್ಟಿದವಳಲ್ಲ. ಬಿಸಿಲು ಆಗಲೇ ಎರಡನೇ ಮೆಟ್ಟಿಲಿಗೆ ಬಂದಿತ್ತು.

"ಬರೀ ಹಣೇಲಿ ಗಂಗಮ್ಮನೊಳಕ್ಕೆ ಹೋಗ್ಲಾ ಅತ್ತೆ?"

"ಬಾಣಂತಿ ನೋಡೋಕೆ ಹೋಗ್ತಿದೀಯ. ಅವ್ಳು ನಿನ್ ಹಣೆ ನೋಡ್ತಾಳಾ? ಬಂದೋರು ಕೂಸಿಗೆ ಕೇಡು ಮಾಡ್ತಾರೇನೋ ಅಂತ ಕೈ ನೋಡ್ತಾಳೆ. ಬಾ ಇಲ್ಲಿ." ಭದ್ರಮ್ಮ ತಮ್ಮ ಸೆರಗಿನ ತುದಿ ಅದ್ದಿ ಸೊಸೆಯ ಹಣೆಯನ್ನು ತಾವೇ ಒರೆಸಿದರು. ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು ಎರಡು ತೋಳಿಗೂ ಎಳೆದರು. "ಲಿಂಗ ಎದೆ ಮೇಲೈತೆ. ಹೋಗು ಇನ್ನ."

ತೋಳಿನದು ನೀರಿಗಿಳಿದೊಡನೆ ಕರಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಈ ಸಲ ಮಾಸ್ಕು ಮುಖಕ್ಕೆ ಕಚ್ಚಿಕೊಂಡು ಕೂತಿತು. ಮೂಳೆಗಿಳಿಯುವ ತಣ್ಣೀರಿನಲ್ಲಿ ಅವಳು ಕಲ್ಲಿನ ಸಂದಿ ಹಿಡಿದು ನಿಂತಳು. ತಾಯಿಮೀನು ಅಲುಗದೆ ಅವಳನ್ನೇ ನೋಡುತ್ತಿತ್ತು. ಅದರ ಮುಂದೆ ಅಕ್ಕಿಕಾಳಿನಂಥ ಮರಿಗಳು, ಒಂದೊಂದರಲ್ಲೂ ಎರಡು ಕಪ್ಪು ಚುಕ್ಕೆ ಕಣ್ಣು. ಉಸಿರು ಮುಗಿದು ಮೇಲೆ ಬಂದಳು, ಮತ್ತೆ ಹೋದಳು. ಮತ್ತೆ ಬಂದಳು. ಮುಂದಿನ ಸಲ ಮಿಂಚುಳ್ಳಿಯೊಂದು ಬಾವಿಯ ಮೇಲೆ ಹಾರಿರಬೇಕು, ನೀರಿಗೆ ನೆರಳು ಬಿತ್ತು. ತಾಯಿ ಬಾಯಿ ತೆರೆಯಿತು. ಮರಿಗಳೆಲ್ಲ ಹೊಗೆ ಎಳೆದಂತೆ ಒಳಕ್ಕೆ ಹರಿದವು. ಅನುಪಮಾಳ ಬೆರಳು ಆಗಲೇ ಗುಂಡಿ ಒತ್ತಿತ್ತು.

ಮೆಟ್ಟಿಲ ಮೇಲೆ ನಡುಗುತ್ತಾ ಕೂತವಳಿಗೆ ಗಂಡ ಟವೆಲ್ ಹೊದಿಸಿದ. ಅಡವಿಯಪ್ಪ ಬಗ್ಗಿ ಕ್ಯಾಮೆರಾದಲ್ಲಿನ ಚಿತ್ರ ನೋಡಿ, "ಎಲಾ ಇವ್ಳ," ಎಂದಷ್ಟೇ ಹೇಳಿ ಮೋಟಾರಿನ ಕಡೆ ಹೊರಟ. ಭದ್ರಮ್ಮ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಒಂದು ಆಚೇಲೇ ಐತಲ್ಲೇ!" ಅವರ ಉಗುರು ಚಿತ್ರದ ಮೂಲೆಯ ಒಂಟಿ ಮರಿಯ ಮೇಲಿತ್ತು.

"ಅದೂ ಒಳಗೋಯ್ತು ಅತ್ತೆ."

"ಎಲ್ಲೈತೆ ಫೋಟೊ?"

"ಅದ್ರ ಫೋಟೊ ತೆಗೀಲಿಲ್ಲ. ಹೋಗೋಗಂಟ ನೋಡ್ತಾ ನಿಂತಿದ್ದೆ."

ಭದ್ರಮ್ಮನಿಗೆ ಆಗ ಸಮಾಧಾನವಾಯಿತು.