ಬಸ್ ಚಾರ್ಜಿನ ಹರಿವೆ

ಗೆಳೆಯರೇ, ಇವತ್ತು ಬೆಳಿಗ್ಗೆ ಕುಮಟೆಯ ನಮ್ಮ ಗೇಟಿನ ಎದುರು ನಡೆದದ್ದು. ಧಾರೇಶ್ವರದಿಂದ ಸೊಪ್ಪು ತರುವ ದೇವಮ್ಮನನ್ನು ಕಂಡದ್ದೇ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಶುರು ಮಾಡಿದರು: "ಹೆಂಗಸರಿಗೆ ಫ್ರೀ ಬಸ್ಸು, ಫ್ರೀ ದುಡ್ಡು ಅಂತ ಸರಕಾರ ನೋಟು ಅಚ್ಚು ಹಾಕ್ತಾ ಹೋದ್ರೆ ಎಲ್ಲಾ ತುಟ್ಟಿಯಾಗದೇ ಇನ್ನೆಂತ ಆಗ್ತದೆ?"

"ನೋಟು ಹೆಚ್ಚಾಗೇ ಅಲ್ವಾ ನಿಮ್ಮ ಸೈಟಿನ ರೇಟೂ ಏರಿದ್ದು?" ಎಂದೆ.

"ಅದು ಬೇರೆ" ಎಂದವರೇ ಹರಿವೆ ಕಟ್ಟು ಎತ್ತಿಕೊಂಡು, "ಕೊಸರು ಹಾಕೇ ದೇವಮ್ಮಾ" ಎಂದರು.

ಮೊದಲು ದುಡ್ಡು ಕೊಟ್ಟು ಟಿಕೆಟ್ ತೆಗೆಸಿ ಬರುತ್ತಿದ್ದಾಗ ಕೊಸರು ಕೇಳಿದರೆ ಬೈಯುತ್ತಿದ್ದವಳು ನಗುತ್ತ ನಮ್ಮಿಬ್ಬರಿಗೂ ಒಂದೊಂದು ಕಟ್ಟು ಹೆಚ್ಚಿಗೆ ಕೊಟ್ಟಳು. "ಬಸ್ ಚಾರ್ಜು ಉಳೀತಲ್ಲ ಒಡೆಯಾ, ತಕಳಿ."

ದೇವಮ್ಮ, ನಿನ್ನ ಹೊಟ್ಟೆ ತಣ್ಣಗಿರಲಿ. ಸರಕಾರದ ಸಹಾಯ ಮ್ಯಾನೇಜರರ ಮನೆಗೂ ತಲುಪಿತು. ಮಧ್ಯಾಹ್ನ ಆ ಕಡೆಯಿಂದ ಒಗ್ಗರಣೆಯ ಪರಿಮಳ ಬಂತು, ಆಕ್ಷೇಪಣೆ ಬರಲಿಲ್ಲ.